ಹುಳವಿಲ್ಲದ ತೊಗರಿ

ಪಟ್. ಹಸಿ ತೊಗರಿಕಾಯಿಯನ್ನು ಎರಡು ಹೆಬ್ಬೆರಳುಗಳ ನಡುವೆ ಒತ್ತಿದಾಗ ಬರುವ ಸದ್ದು. ತೀರ ಸಣ್ಣದು, ಮೇಲೆ ಫ್ಯಾನ್ ತಿರುಗುತ್ತಿದ್ದರೆ ಕೇಳಿಸುವುದೂ ಇಲ್ಲ. ಆದರೆ ಹೊಲದಲ್ಲಿ, ಬೇವಿನ ಗಿಡದ ನೆರಳಿಗೆ ಆರೇಳು ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು ಬಿಡಿಸತೊಡಗಿದರೆ, ತಗಡಿನ ಮೇಲೆ ಸಣ್ಣ ಮಳೆ ಬಿದ್ದಂತಿರುತ್ತದೆ.

ನಿನ್ನೆ ಜೇವರ್ಗಿ ಕಾಲೋನಿಯ ನಮ್ಮ ಎದುರು ಮನೆಯಾಕೆ ಎಳ್ಳ ಅಮಾವಾಸ್ಯೆಯ ಭಜ್ಜಿ ಪಲ್ಯಕ್ಕೆಂದು ಕಟ್ಟೆಯ ಮೇಲೆ ತೊಗರಿ ಬಿಡಿಸುತ್ತ ಕುಳಿತಿದ್ದಳು. ನಾನು ಎದ್ದು ಕಿಟಕಿ ಹಾಕಿಕೊಂಡೆ. ಈ ವಯಸ್ಸಿನ ಹೆಂಗಸು ಕಾಯಿ ಬಿಡಿಸುವ ಸದ್ದಿಗೆ ಕಿಟಕಿ ಹಾಕಿಕೊಳ್ಳುವುದು ಸಿಲ್ಲಿ, ಐ ನೋ. ಹಾಕಿಕೊಂಡ ಮೇಲೂ ಕೇಳುತ್ತಲೇ ಇತ್ತು.

ನಾನು ತೊಗರಿಯವರ ಮನೆಯ ಮಗಳು. ಕಲಬುರಗಿಯ ಗಂಜ್ ಪೇಟೆಯಲ್ಲಿ ಅಪ್ಪನ ದಾಲ್ ಮಿಲ್ ಇತ್ತು. ನಮ್ಮ ಹಾಸಿಗೆ, ಪುಸ್ತಕ, ಅವ್ವನ ಹೆರಳು, ಎಲ್ಲದರ ಮೇಲೂ ಬೇಳೆಯ ಹಳದಿ ಧೂಳು. ಆ ಧೂಳು ಮಗಳಿಗೆ ಅಂಟಬಾರದೆಂದು ಅಪ್ಪ ನನ್ನನ್ನು ಕಾನ್ವೆಂಟಿಗೆ ಹಾಕಿದರು. ಅಲ್ಲಿ ಬಯಾಲಜಿ ಕಲಿಸುತ್ತಿದ್ದ ಸಿಸ್ಟರ್ ಮೂರು ಪದಗಳನ್ನು ನಮ್ಮ ತಲೆಗೆ ಮೊಳೆ ಹೊಡೆದಂತೆ ಹೊಡೆದಿದ್ದರು: ನೇಮ್, ಪ್ಲೇಸ್, ಟೈಮ್. ಕಂಡದ್ದನ್ನು ಬರೆಯುವಾಗ ಯಾರು, ಎಲ್ಲಿ, ಯಾವಾಗ ಎಂಬುದು ಇರಲೇಬೇಕು. ಇಲ್ಲದಿದ್ದರೆ ಅದು ಸೈನ್ಸ್ ಅಲ್ಲ, ಗಾಸಿಪ್. ಮುಂದೆ ನಾನೂ ಮೂವತ್ತು ವರ್ಷ ಹುಡುಗಿಯರಿಗೆ ಬಯಾಲಜಿ ಕಲಿಸಿದೆ, ಅವೇ ಮೊಳೆಗಳನ್ನು ಹೊಡೆದೆ, ರಿಟೈರ್ ಆದೆ.

ಅದಾಗಿ ಕೆಲವು ವರ್ಷಗಳಿಗೆ ಮನೆಗೊಂದು ಕಾಗದ ಬಂತು. ಕಮಲಾಪುರದ ಹತ್ತಿರ ಒಂದು ಬೀಜದ ಕಂಪನಿ ಕುಲಾಂತರಿ ತೊಗರಿಯ ಪ್ರಯೋಗ ಮಾಡಲಿದೆ. ಅದರ ಮೇಲೆ ಕಣ್ಣಿಡಲು ಜಿಲ್ಲೆಯಲ್ಲೊಂದು ನಿಗಾ ಸಮಿತಿ. ಅದರಲ್ಲಿ ಸರ್ಕಾರದವರೂ ಕಂಪನಿಯವರೂ ಅಲ್ಲದ ಒಬ್ಬರು ಇರಬೇಕು. ಆ ಸಾರ್ವಜನಿಕ ಸದಸ್ಯೆ ನಾನು. ತೊಗರಿಯೊಳಗೆ ಬೇರೊಂದು ಜೀವಿಯ ಜೀನ್ ಸೇರಿಸಿ, ಕಾಯಿ ಕೊರೆಯುವ ಹುಳ ಬಾಯಿ ಹಾಕಿದರೆ ಸಾಯುವಂತೆ ಮಾಡಿದ ಗಿಡ ಅದು. ಒಳ್ಳೆಯದೋ ಕೆಟ್ಟದ್ದೋ ಇನ್ನೂ ಯಾರಿಗೂ ತಿಳಿದಿರಲಿಲ್ಲ, ತಿಳಿಯಲೆಂದೇ ಪ್ರಯೋಗ. ತಿಳಿಯುವ ತನಕ ಅದರ ಪರಾಗ, ಕಾಯಿ, ಬೀಜ ಯಾವುದೂ ಬೇಲಿ ದಾಟಬಾರದು. ದನದ ಹೊಟ್ಟೆಗಾಗಲಿ ಜನರ ಹೊಟ್ಟೆಗಾಗಲಿ ಹೋಗಬಾರದು. ದಾಟಿತೇ ಎಂದು ನೋಡುವುದು, ದಾಟಿದರೆ ಬರೆಯುವುದು. ಸಮಿತಿಯ ಕೆಲಸ ಇಷ್ಟೇ.

ನನ್ನನ್ನು ಆರಿಸಿದ್ದು ನನ್ನ ಬಯಾಲಜಿಗಲ್ಲ, ಇಂಗ್ಲಿಷಿಗೆ. ಸಮಿತಿಯ ಅಧ್ಯಕ್ಷರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಮೊದಲ ಮೀಟಿಂಗಿನಲ್ಲೇ ಅವರು ನಗುತ್ತ ಹೇಳಿದರು: "ಮೇಡಂ, ನೀವು ಮಿನಿಟ್ಸ್ ಬರೀರಿ, ಸಾಕು. ಮ್ಯಾಲಿನವರಿಗಿ ಛಂದ ಇಂಗ್ಲಿಷ್ ಹೋಗ್ಲಿ. ಉಳಿದಿದ್ದು ನಾವು ನೋಡ್ಕೋತೀವಿ." ನನಗೆ ಅವಮಾನವಾಗಬೇಕಿತ್ತು. ಖುಷಿಯಾಯಿತು. ಹೊಸ ಫೌಂಟನ್ ಪೆನ್ ಕೊಂಡೆ.

ಮೊದಲ ಸಲ ಹೋದಾಗ ದಸರೆ ಮುಗಿದು ತೊಗರಿ ಹೂವಿಗೆ ಬಂದಿತ್ತು. ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಯ ಗೊನೆಗಳು ತೂಗಿದ್ದವು. ಊರ ಹೊರಗೆ ಕಣ್ಣು ಹೋದಷ್ಟೂ ಹಳದಿ. ಆ ಹಳದಿಯ ನಡುವೆ ಒಂದು ತುಂಡು ನೆಲಕ್ಕೆ ತಂತಿ ಬೇಲಿ, ಹಸಿರು ಜಾಲರಿ, ಬಾಗಿಲಿಗೆ ಬೀಗ, ಪೂರ್ತಿ ಇಂಗ್ಲಿಷಿನಲ್ಲಿ ಬರೆದ ಒಂದು ಬೋರ್ಡು. ಕಾವಲುಗಾರ ಖಾಜಾಸಾಬ ಬಡಿಗೆ ಹಿಡಿದು ನಿಂತಿದ್ದ. ಪ್ರಯೋಗ ನೋಡಿಕೊಳ್ಳುವ ಕಂಪನಿಯ ಮ್ಯಾನೇಜರ್ ಕಿರಣ ನಮ್ಮನ್ನು ಸುತ್ತಾಡಿಸುತ್ತಿದ್ದ. ಅಷ್ಟು ಬಿಸಿಲಲ್ಲೂ ಶರ್ಟಿನ ಇಸ್ತ್ರಿ ಮುರಿಯದ ಮನುಷ್ಯ.

ಬೇಲಿಯ ಆಚೆಯಿಂದ ಒಬ್ಬಳು ಕೂಗಿದಳು. ಐವತ್ತು ದಾಟಿದವಳು, ಕಚ್ಚೆ ಹಾಕಿದ ಸೀರೆ, ಹೆಗಲ ಮೇಲೆ ಬಾವಿಯ ಹಗ್ಗದ ಸುರುಳಿ. "ಅಕ್ಕೋರ, ನೀವು ಓದಿದವ್ರು ಕಾಣ್ತೀರಿ. ಈ ಬೋರ್ಡಿನ ಮ್ಯಾಗ ಏನ್ ಬರದದ, ಹೇಳ್ರಿ. ಖಾಜಾಭಾಯಿಗಿ ಕೇಳಿದ್ರ 'ಅಂದರ್ ಮತ್ ಆವೋ', ಒಳಗ ಬರಬ್ಯಾಡ್ರಿ ಅಂತ ಬರದದ ಅಂತಾನ. ಇಷ್ಟ್ ಉದ್ದ ಬರ್ದು ಅಷ್ಟೇ ಹೇಳ್ತಾರೇನ್ರಿ?"

"ಅರೆ ಮಾದೇವಕ್ಕಾ," ಖಾಜಾಸಾಬ ಅಂದ, "ನಂಗ್ ಓದ್ಲಿಕ್ಕ ಬರ್ತಿದ್ರ ಇಲ್ಲಿ ಬಡಗಿ ಹಿಡ್ಕೊಂಡ್ ಯಾಕ್ ನಿಂದರ್ತಿದ್ದೆ? ನಾನೂ ಸಾಹೇಬ್ ಆಗಿ ಜೀಪಿನಾಗ ಬರ್ತಿದ್ದೆ."

ಬೋರ್ಡಿನ ಮೇಲೆ ಇದ್ದದ್ದು ಇದು: ಕುಲಾಂತರಿ ಬೆಳೆ, ಪ್ರಯೋಗಕ್ಕೆ ಮಾತ್ರ, ಇದರ ಯಾವ ಭಾಗವನ್ನೂ ತಿನ್ನುವಂತಿಲ್ಲ, ಒಯ್ಯುವಂತಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಕಿರಣ ನಡುವೆ ಬಂದ. "ಹುಳ ಹತ್ತಲಾರದ ತೊಗರಿ ಅಂತ ಬರದದಮ್ಮ. ನಿಮ್ಮ ಸಲುವಾಗೇ ಮಾಡ್ಲತ್ತೀವಿ." ನಾನು ಬಾಯಿ ಮುಚ್ಚಿದೆ. ಒಬ್ಬರ ಮಾತಿನ ಮೇಲೆ ಮಾತಾಡುವುದು ಬ್ಯಾಡ್ ಮ್ಯಾನರ್ಸ್ ಎಂದು ಕಲಿತವಳು ನಾನು.

ಮಾದೇವಿ ಅಷ್ಟಕ್ಕೇ ಬಿಡಲಿಲ್ಲ. ಹಗ್ಗವನ್ನು ನೆಲಕ್ಕೆ ಒಗೆದಳು. "ನಾ ಅಳದೀನ್ರಿ. ನಿಮ್ಮ ಬೇಲಿಯಿಂದ ನಮ್ಮ ಹೊಲದ ಬದು ತನಕ ನಾಕ್ ಹಗ್ಗ. ಇವರ ಕಾಗದದಾಗ ಎಷ್ಟದ ಕೇಳ್ರಿ."

ಕಿರಣನ ನಕ್ಷೆಯಲ್ಲಿ ಅದರ ಸರಿಸುಮಾರು ಎರಡು ಪಟ್ಟು ಇತ್ತು. ಅವರು ಅಳತೆ ಮಾಡಿದ್ದು ಪ್ರಯೋಗದ ಹೊಲದ ನಟ್ಟನಡುವಿನಿಂದ ಮಾದೇವಿಯ ಹೊಲದ ನಟ್ಟನಡುವಿಗೆ. ತೊಗರಿ ಗಿಡ ಹೊಲದ ಅಂಚಿನ ತನಕವೂ ಬೆಳೆಯುತ್ತದೆ ಎಂಬುದು ನಕ್ಷೆಗೆ ಗೊತ್ತಿರಲಿಲ್ಲ.

"ಸುತ್ತಲೂ ಸಾದಾ ತೊಗರಿ ಸಾಲು ಹಾಕೀವಲ್ಲಮ್ಮ," ಕಿರಣ ಹೇಳಿದ. "ಪರಾಗ ಅಲ್ಲೇ ನಿಂದರ್ತದ."

"ತಮ್ಮಾ, ಬೇಲಿ ದನಕ್ಕ ತಿಳೀತದ. ಜೇನಿಗಿ ಯಾರು ಹೇಳೋರು? ಖಾಜಾಭಾಯಿ, ನೀ ಹೇಳೋ. ಅಂದರ್ ಮತ್ ಆವೋ ಅನ್ನು."

ಜೀಪಿನವರೆಲ್ಲ ನಕ್ಕರು. ತೊಗರಿಯ ಹೂವಿಗೆ ಜೇನು ಮುತ್ತುತ್ತದೆ, ಒಂದು ಹೊಲದ ಪರಾಗ ಇನ್ನೊಂದರ ಕಾಯಿಗೆ ಬೆರೆಯುತ್ತದೆ ಎಂದು ಮೂವತ್ತು ವರ್ಷ ಡಯಾಗ್ರಾಂ ಬರೆಸಿದವಳು ನಾನು. ನಾನೂ ನಕ್ಕೆ.

ಆದರೆ ಇಳಿಹೊತ್ತಿಗೆ ಜೀಪು ಬಿಟ್ಟು ಅವಳ ಮನೆಗೆ ಹೋದೆ. ಅಡುಗೆಮನೆಯ ಮೂಲೆಯಲ್ಲಿ ಮೂರು ಮಣ್ಣಿನ ಗಡಿಗೆ. ಬಾಯಿಗೆ ಸೆಗಣಿ ಮೆತ್ತಿ, ಒಣಗಿ, ಕಲ್ಲಿನಂತಾಗಿತ್ತು. ಒಳಗೆ ಬೂದಿಯಲ್ಲಿ ಹೊರಳಿಸಿದ ತೊಗರಿ ಬೀಜ. ಅವಳ ಅವ್ವ ಮದುವೆಯಾಗಿ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ಮಾದೇವಿ ಮದುವೆಯಾದಾಗ ಇವಳ ಸೆರಗಿಗೆ ಬಂತು. ಕೆಂಪು ಕಾಳು, ಕಣ್ಣಿನ ಹತ್ತಿರ ಒಂದು ಕಪ್ಪು ಗೆರೆ. ಬೇಗ ಬೇಯುತ್ತದೆ, ಮಳೆ ತಡವಾದರೂ ತಾಳುತ್ತದೆ. ಸುತ್ತಲ ನಾಲ್ಕೈದು ಊರಿನವರು ಮೃಗಶಿರ ಮಳೆಗೆ ಮುಂಚೆ ಬೀಜಕ್ಕಾಗಿ ಇವಳ ಬಾಗಿಲಿಗೆ ಬರುತ್ತಿದ್ದರು. ಊರಿನಲ್ಲಿ ಅವಳಿಗಿದ್ದ ಮರ್ಯಾದೆ ಎಲ್ಲವೂ ಆ ಮೂರು ಗಡಿಗೆಯೊಳಗೆ ಇತ್ತು.

"ಇವು ಹೋದ ವರ್ಷದವು," ಎಂದು ಗಡಿಗೆ ತಟ್ಟಿ ತೋರಿಸಿದಳು. "ಕಂಪನಿಯವ್ರು ಬರೋಕಿಂತ ಮುಂಚಿನವು. ಈ ವರ್ಷದ್ದು ಹೊಲದಾಗ ಅದ, ಅದರಾಗ ಏನ್ ಬೆರೀತದೋ ಗೊತ್ತಿಲ್ಲ. ಅಕ್ಕೋರ, ನನ್ನ ಬೀಜ ಕೆಡಬಾರ್ದು ನೋಡ್ರಿ. ಅದೊಂದೇ ಕೇಳ್ತೀನಿ."

"ಡೋಂಟ್ ವರಿ ಮಾದೇವಿ. ನಾ ಬರೀತೀನಿ."

"ಬರದ್ರ ಆಗ್ತದೇನ್ರಿ?"

"ಬರದ್ರೇ ಆಗ್ತದ."

ಬರೆದೆ. ದೂರ ಸಾಲದು, ಅಳತೆಯೇ ತಪ್ಪು, ಬೋರ್ಡು ಕನ್ನಡದಲ್ಲಿಲ್ಲ. ಸಾಹೇಬರು ಓದಿ, ಪಕ್ಕದಲ್ಲಿ "ನೋಟೆಡ್" ಎಂದು ಗೀಚಿ ಚಹಾ ತರಿಸಿದರು. ಮುಂದಿನ ತಿಂಗಳು ಮತ್ತೆ ಬರೆದೆ. ಮತ್ತೆ "ನೋಟೆಡ್". ಇಂಗ್ಲಿಷಿನಲ್ಲಿ ಇಷ್ಟು ಕ್ರೂರವಾದ ಪದ ಇನ್ನೊಂದಿಲ್ಲ. ಬೈಗುಳಕ್ಕಾದರೂ ಮರುಮಾತು ಹೇಳಬಹುದು.

ಆ ಚಳಿಗಾಲ ನಾನು ಸಮಿತಿಯ ಜೀಪಿಗೆ ಕಾಯದೆ ಬಸ್ಸಿನಲ್ಲೇ ಹೋಗಿಬರತೊಡಗಿದೆ. ಬೆಳಗಿನ ಹೊತ್ತು ಹೆಂಗಸರು ಗಿಡದ ಕೆಳಗೆ ಹಳೆಯ ಸೀರೆ ಹಾಸಿ ಅಲುಗಿಸುತ್ತಿದ್ದರು. ಹಸಿರು ಹುಳಗಳು ಸೀರೆಯ ಮೇಲೆ ಉದುರುತ್ತಿದ್ದವು. ಕೋಳಿಗಳು ಹಿಂದೆಯೇ ಬರುತ್ತಿದ್ದವು. ಬೇಲಿಯೊಳಗಿನ ಗಿಡಗಳನ್ನು ಯಾರೂ ಅಲುಗಿಸುವಂತಿರಲಿಲ್ಲ, ಅಲುಗಿಸುವ ಅಗತ್ಯವೂ ಇರಲಿಲ್ಲ. "ಹುಳ ಸುದ್ದಾ ಬೋರ್ಡ್ ಓದ್ತಾವ್ರಿ ಅಕ್ಕೋರ," ಎಂದು ಮಾದೇವಿ ನಗುತ್ತಿದ್ದಳು. "ನಮಗ ಒಬ್ಬರಿಗೇ ಇಂಗ್ಲಿಷ್ ಬರಲ್ಲ." ಬೋರ್ಡಿನ ಮೇಲೆ ನಿಜವಾಗಿ ಏನಿದೆ ಎಂದು ಅವತ್ತಾದರೂ ಹೇಳಬಹುದಿತ್ತು. ಹೇಳಿದರೆ, ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳಿಯಾಳು ಎಂದು ಸುಮ್ಮನಿದ್ದೆ.

ಎಳ್ಳ ಅಮಾವಾಸ್ಯೆಗೆ ನನ್ನನ್ನು ಹೊಲಕ್ಕೆ ಕರೆದಳು. ಆ ದಿನ ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲೇ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಹಸಿ ಕಾಳು ಸೊಪ್ಪು ಎಲ್ಲ ಹಾಕಿ ಕುದಿಸಿದ ಭಜ್ಜಿ. ಮೊದಲು ಭೂಮಿಗೆ ಎಡೆಯಾಗಿ ಚರಗ ಚೆಲ್ಲಿ, ಆಮೇಲೆ ಉಣ್ಣುವುದು. ಮಾದೇವಿಯ ಮನೆತನದಲ್ಲಿ ಅದಕ್ಕೆ ಒಂದು ಪದ್ಧತಿ ಕೂಡಿತ್ತು: ಭಜ್ಜಿಗೆ ಸ್ವಂತ ಹೊಲದ ಕಾಳು ಸಾಲದು, ನಾಲ್ಕು ದಿಕ್ಕಿನ ನಾಲ್ಕು ಹೊಲಗಳಿಂದ ಸೆರಗಿನ ಮಡಿಲಲ್ಲಿ ಒಂದೊಂದು ಉಡಿ ಕಾಯಿ ತರಬೇಕು. ಆ ದಿನ ಬದುವಿನಲ್ಲಿ ನಿಂತು ಉಡಿ ಒಡ್ಡಿದವಳಿಗೆ ಇಲ್ಲವೆಂದವರು ಆ ಸೀಮೆಯಲ್ಲೇ ಇರಲಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಕೊಡುತ್ತಿದ್ದರು.

ಬೇವಿನ ನೆರಳಲ್ಲಿ ನಾನೂ ಬಿಡಿಸಲು ಕುಳಿತೆ. ಪಟ್, ಪಟ್. ನನ್ನ ಕೈ ನಿಧಾನ. "ಅಕ್ಕೋರ ಕಾಯಿಗಿ ಪರೀಕ್ಷಾ ಹಾಕ್ಲತ್ತಾರ," ಎಂದು ಒಬ್ಬಳು ಅಣಕಿಸಿದಳು. "ಪಾಸ್ ಆದದ್ದು ಅಷ್ಟೇ ಗಡಗಿಗಿ." ಎಲ್ಲರ ನಗು. ತೊಗರಿಯನ್ನು ನಾನು ಬಲ್ಲೆ: ಮೂರು ಕಾಯಿಗಳಲ್ಲಿ ಒಂದಕ್ಕೆ ತೂತು, ತೂತಿನ ಸುತ್ತ ಕಂದು ಹಿಕ್ಕೆ, ಅರ್ಧ ತಿಂದ ಕಾಳು. ಒಂದು ಹೊತ್ತಿಗೆ ಮಾದೇವಿ ಇನ್ನೊಂದು ಉಡಿ ಕಾಯಿ ನನ್ನ ಮುಂದೆ ಸುರಿದಳು. ಹತ್ತು ಬಿಡಿಸಿದೆ. ಇನ್ನೂ ಹತ್ತು. ಒಂದರಲ್ಲೂ ತೂತಿರಲಿಲ್ಲ. ಕಾಳುಗಳು ತುಂಬಿ, ಒಂದೇ ಅಳತೆಯಲ್ಲಿ, ಪುಸ್ತಕದ ಚಿತ್ರದಂತೆ ಇದ್ದವು.

"ಮಾದೇವಿ, ಇವು ಎಲ್ಲಿವು?"

"ಮೂಡಲ ದಿಕ್ಕಿನ ಉಡಿರಿ. ಖಾಜಾಭಾಯಿ ಕೊಟ್ಟ. ಹಬ್ಬದ ದಿನ ಇಲ್ಲ ಅಂತಾನೇನು?"

"ಸುತ್ತಲ ಸಾಲಿನವೋ, ಒಳಗಿನವೋ?"

"ಒಳಗಿನವೇ. ಸುತ್ತಲಿನವು ಬರೇ ಹುಳ. ಅವ ನೋಡೇ ಕೊಟ್ಟಾನ."

ನಿಲ್ಲಿಸಿ ಎನ್ನಬೇಕಿತ್ತು. ಭಜ್ಜಿಯ ಗಡಿಗೆ ಆಗಲೇ ಕುದಿಯುತ್ತಿತ್ತು, ಈ ಕಾಳಿನ ಮೊದಲ ಹಿಡಿ ಒಳಗೆ ಬಿದ್ದಿತ್ತು. ಆದರೆ ನಾನು ಸುಮ್ಮನಿದ್ದದ್ದು ಅದಕ್ಕಲ್ಲ. ಆ ಕ್ಷಣ ನನ್ನ ತಲೆಯಲ್ಲಿ ಬಂದದ್ದು ಒಂದೇ: ಸಿಕ್ಕಿತು. ಇದನ್ನು ಸಾಹೇಬರು "ನೋಟೆಡ್" ಎಂದು ಗೀಚಲಾರರು. ಬೇಲಿ ದಾಟಿತು, ಜನರ ಹೊಟ್ಟೆಗೆ ಹೋಯಿತು, ಅದಕ್ಕೆ ನಾನೇ ಸಾಕ್ಷಿ. ಆ ಹೆಂಗಸರ ನಡುವೆ ಕುಳಿತು ನಾನು ಅವರ ಹಬ್ಬವನ್ನು ಎವಿಡೆನ್ಸ್ ಆಗಿ ನೋಡುತ್ತಿದ್ದೆ.

ಆಮೇಲೆ ಎಲೆ ಹಾಕಿದರು. ಉಂಡೆ. ಎರಡನೆಯ ಸಲ ಹಾಕಿಸಿಕೊಂಡೆ. ಬಹಳ ರುಚಿಯಾಗಿತ್ತು, ಅದನ್ನೂ ಬರೆಯಬೇಕು.

ಊಟ ಮುಗಿದ ಮೇಲೆ ಮಾದೇವಿ ಮಾಡಿದ ಒಂದು ಕೆಲಸ ನನ್ನ ಕಣ್ಣಲ್ಲಿದೆ. ಮೂಡಲ ದಿಕ್ಕಿನ ಉಡಿಯಿಂದ ಬಂದ ಸಿಪ್ಪೆ, ಉಳಿದ ಕಾಳು, ನೆಲಕ್ಕೆ ಉದುರಿದ್ದು ಎಲ್ಲವನ್ನೂ ಕೈಯಿಂದ ಬಳಿದು ಒಲೆಗೆ ಹಾಕಿದಳು. ಸೆರಗು ಬಿಚ್ಚಿ ಝಾಡಿಸಿ ನೋಡಿದಳು. "ಬಾಯಿಗಿ ಏನೂ ಆಗಲ್ರಿ. ಬೀಜಕ್ಕ ಬ್ಯಾಡ. ಮನಿಗಿ ಒಂದ್ ಕಾಳೂ ಒಯ್ಯಂಗಿಲ್ಲ." ತಿನ್ನುವುದು ಬೇರೆ, ಬಿತ್ತುವುದು ಬೇರೆ. ಅವಳ ಲೆಕ್ಕದಲ್ಲಿ ಬಾಯಿಗೆ ಒಂದು ಬೇಲಿ ಇರಲಿಲ್ಲ, ಬೀಜಕ್ಕೆ ಇತ್ತು. ಬೋರ್ಡು ಓದಿ ಹೇಳಿದ್ದರೆ ಬಾಯಿಗೂ ಹಾಕಿಕೊಳ್ಳುತ್ತಿದ್ದಳೇನೋ.

ಅದೇ ದಿನ ಸಂಜೆ ಮನೆಗೆ ಬಂದು ಸೀರೆಯನ್ನೂ ಬದಲಾಯಿಸದೆ ಮೇಜಿಗೆ ಕುಳಿತೆ. "ಐ ಅಬ್ಸರ್ವ್ಡ್" ಎಂದು ಶುರು ಮಾಡಿದೆ. ನೇಮ್: ಮಾದೇವಿ, ಗಂಡನ ಹೆಸರು, ಕಾವಲುಗಾರನ ಹೆಸರು. ಪ್ಲೇಸ್: ಸರ್ವೆ ನಂಬರ್ ಸಮೇತ. ಟೈಮ್: ಅಮಾವಾಸ್ಯೆ, ಮಧ್ಯಾಹ್ನ. ಯಾರು ಉಂಡರು ಎಂಬಲ್ಲಿ ಪೆನ್ನು ನಿಂತಿತು. ಸ್ವಲ್ಪ ಯೋಚಿಸಿ "ಲೋಕಲ್ ವಿಮೆನ್" ಎಂದು ಬರೆದೆ. ಅದು ಸುಳ್ಳಲ್ಲ. ನಾನೂ ಲೋಕಲ್, ನಾನೂ ವುಮನ್. ಗ್ರಾಮರ್ ಸರಿಯಾಗಿತ್ತು.

ಮೀಟಿಂಗಿನಲ್ಲಿ ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು. ಯಾರೂ ಚಹಾ ಮುಟ್ಟಲಿಲ್ಲ. ಪ್ರಯೋಗ ನಿಂತೇ ಹೋಯಿತು ಎಂದುಕೊಂಡೆ.

"ವೆರಿ ಗುಡ್ ರಿಪೋರ್ಟ್, ಮೇಡಂ," ಸಾಹೇಬರು ಅಂದರು. "ಎಲ್ಲಾ ಕ್ಲಿಯರ್ ಅದ. ಹೆಸರು ಸುದ್ದಾ ಅದ."

ಕಿರಣ ಎದ್ದು ನಿಂತ. "ಸರ್, ಇದು ಪ್ರಯೋಗದ ತಪ್ಪಲ್ಲ. ಇದು ಕಳವು. ವಾಚ್‌ಮನ್‌ಗಿ ಇವತ್ತೇ ತಗೀತೀವಿ. ಆದ್ರ ಆ ಹೆಂಗಸಿನ ಮನ್ಯಾಗ ನಮ್ಮ ಕಾಯಿ ಎಷ್ಟವ, ಯಾರಿಗಿ ಗೊತ್ತು? ಆಕಿ ಊರಿಗೆಲ್ಲ ಬೀಜ ಕೊಡ್ತಾಳ. ಮತ್ತ ಆಕಿ ಹೊಲದ ದೂರ ಸಾಲದು ಅಂತ ಮೇಡಂ ಅವರೇ ಎರಡ್ ಸಲ ಬರದಾರ. ಪರಿಸರಕ್ಕ ರಿಸ್ಕ್ ಅದ ಸರ್."

ನಾನು ಬರೆದ ಎರಡು ಹಳೆಯ ಹಾಳೆಗಳು ಫೈಲಿನಿಂದ ಹೊರಬಂದವು. ಮೊದಲ ಸಲ ಯಾರೋ ಅವನ್ನು ಪೂರ್ತಿ ಓದಿದರು.

"ಬಟ್ ಸರ್, ಅದು ಪ್ರಯೋಗದ ಹೊಲದ ಬಗ್ಗೆ ಬರೆದದ್ದು. ಅವರು ಅಷ್ಟು ಹತ್ತಿರ ಬಿತ್ತಬಾರದಿತ್ತು ಅಂತ."

"ದೂರ ಅಂದ್ರ ದೂರಾನೇ ಅಲ್ರಿ ಮೇಡಂ," ಸಾಹೇಬರು ನಕ್ಕರು. "ಈ ಕಡಿಂದ ಅಳದ್ರೂ ಅಷ್ಟೇ, ಆ ಕಡಿಂದ ಅಳದ್ರೂ ಅಷ್ಟೇ."

ಮಾದೇವಿಯ ಹೊಲದ ತೊಗರಿಯನ್ನೂ ಮನೆಯಲ್ಲಿರುವ ಬೀಜವನ್ನೂ ಮುನ್ನೆಚ್ಚರಿಕೆಯಾಗಿ ನಾಶಪಡಿಸುವುದು ಎಂದು ತೀರ್ಮಾನವಾಯಿತು. ಮಿನಿಟ್ಸ್ ಬರೆದವಳು ನಾನು. ಹೊಸ ಪೆನ್ನು ಎಲ್ಲೂ ತಡೆಯಲಿಲ್ಲ.

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಎರಡು ಜೀಪು ಹೋದವು. ಬಿಸಿಲು ಆಗಲೇ ಚುರುಕಾಗಿತ್ತು. ಮಾದೇವಿಯ ತೊಗರಿ ಕಟಾವಾಗಿ ಹೊಲದ ನಡುವೆ ಬಣವೆಯಾಗಿತ್ತು. ಅದಕ್ಕೆ ಡೀಸೆಲ್ ಹೊಡೆದರು. ಅವಳು ಬದುವಿನ ಮೇಲೆ ನಿಂತು ನೋಡಿದಳು, ತಡೆಯಲಿಲ್ಲ. "ಈ ವರ್ಷದ್ದು ಹೋಗ್ಲಿ," ಎಂದಳು. "ಅದರಾಗ ನಿಮ್ಮದು ಬೆರತದೋ ಇಲ್ಲೋ ನನಗೂ ಸಂಶಯ ಅದ. ಸುಡ್ರಿ." ಬೆಂಕಿ ಹಚ್ಚಿದವನ ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟವಳೂ ಅವಳೇ. ಅವನದು ನೆನೆದಿತ್ತು.

ಆಮೇಲೆ ಇಬ್ಬರು ಅವಳ ಮನೆಯಿಂದ ಮೂರು ಗಡಿಗೆಗಳನ್ನು ಹೊತ್ತು ತಂದರು.

ಅವಳು ಓಡಿಬಂದಳು. ಓಡಿಬಂದದ್ದು ಸಾಹೇಬರ ಕಡೆಗಲ್ಲ, ನನ್ನ ಕಡೆಗೆ. "ಅಕ್ಕೋರ, ಹೇಳ್ರಿ ಇವರಿಗಿ. ಇವು ಹೋದ ವರ್ಷದವು, ನೀವೇ ನೋಡೀರಿ. ಮುದ್ರಿ ಸುದ್ದಾ ಒಡದಿಲ್ಲ. ಅಮಾಸಿ ದಿನದ ಕಾಯಿ ಒಂದೂ ಮನಿಗಿ ಬಂದಿಲ್ಲ, ನಿಮ್ಮ ಕಣ್ಣಮುಂದೇ ಒಲಿಗಿ ಹಾಕೀನಿ. ನೀವ್ ಅಲ್ಲೇ ಕುಂತಿದ್ರಿ. ಒಂದ್ ಮಾತ್ ಹೇಳ್ರಿ."

ಎಲ್ಲವೂ ನಿಜ. ಕಳೆದ ವರ್ಷ ಮುಚ್ಚಿದ ಗಡಿಗೆಯೊಳಗೆ ಈ ವರ್ಷದ ಪರಾಗ ಹೋಗುವುದಿಲ್ಲ ಎಂಬುದು ಒಂಬತ್ತನೆಯ ಕ್ಲಾಸಿನ ಹುಡುಗಿಗೂ ಗೊತ್ತು. ಅಮಾವಾಸ್ಯೆಯ ಕಾಯಿ ಒಂದೂ ಮನೆಗೆ ಹೋಗಲಿಲ್ಲ ಎಂದು ಹೇಳಬಲ್ಲವಳು, ಆ ಜೀಪಿನ ಮಂದಿ ನಂಬುವಂಥವಳು, ನಾನೊಬ್ಬಳೇ. ಆದರೆ ಹೇಳಬೇಕಾದರೆ ಊಟ ಮುಗಿಯುವ ತನಕ ಅಲ್ಲಿ ಕುಳಿತಿದ್ದೆ ಎಂದು ಹೇಳಬೇಕು.

"ಸಾಹೇಬ್ರ," ಅವಳ ದನಿ ಏರಿತು, "ಅಕ್ಕೋರೂ ಉಂಡಾರ. ಎರಡ್ ಸಲ ಹಾಕ್ಸಿಕೊಂಡ್ ಉಂಡಾರ. ನನ್ನ ಗಡಗಿ ಸುಡ್ತೀರಿ ಅಂದ್ರ ಅವರ ಹೊಟ್ಟೀನೂ ಸುಡ್ತೀರೇನು?"

ಸಾಹೇಬರು ನನ್ನ ಕಡೆ ತಿರುಗಿದರು. ಕಿರಣನ ತುಟಿಯ ಅಂಚಿನಲ್ಲಿ ಸಣ್ಣ ನಗು. "ಮೇಡಂ? ನೀವು ಟ್ರಯಲ್‌ದ್ದು ತಿಂದೀರೇನು? ರಿಪೋರ್ಟಿನಾಗ ಇಲ್ಲಲ್ಲ."

"ನೋ," ಎಂದೆ. "ನಾನು ತಿಂದಿಲ್ಲ. ದೂರದಿಂದ ನೋಡಿ ಬಂದೆ."

ಇಷ್ಟು ವರ್ಷಗಳಾದವು. ಆ ಮಾತಿಗೆ ನೆಪ ಹುಡುಕಿದ್ದೇನೆ, ಸಿಕ್ಕಿಲ್ಲ. ನಿಜ ಹೇಳಿದ್ದರೆ 'ಏನ್ ಮೇಡಂ, ಕದ್ದ ಮಾಲು ತಿಂದ್ರೇನು' ಎಂದು ಅವರು ಕಲಬುರಗಿಯ ತನಕ ನಗುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು. ಅಷ್ಟಕ್ಕೆ ಹೆದರಿದೆ.

ಮಾದೇವಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಸಂತೆಯಲ್ಲಿ ಕಾಳು ಅಂಗೈಗೆ ಹಾಕಿಕೊಂಡು ಕೊಳ್ಳಬೇಕೋ ಬೇಡವೋ ಎಂದು ನೋಡುತ್ತಾರಲ್ಲ, ಹಾಗೆ. ಆಮೇಲೆ ಸಾಹೇಬರಿಗೆ ಹೇಳಿದಳು: "ಹೌದ್ರಿ. ಮೇಡಂ ಉಂಡಿಲ್ಲ. ನಾ ಸುಳ್ಳ್ ಹೇಳ್ದೆ. ಒಡೀರಿ ಗಡಗಿ."

ಅಲ್ಲಿಯ ತನಕ ನಾನು ಅವಳಿಗೆ ಅಕ್ಕೋರು.

ಒಡೆದರು. ಬೂದಿ ಎದ್ದು ಎಲ್ಲರ ಬಟ್ಟೆಯ ಮೇಲೆ ಕೂತಿತು. ಕಿರಣ ಶರ್ಟು ಝಾಡಿಸಿಕೊಂಡ. ಕೆಂಪು ಕಾಳುಗಳನ್ನು ಸಲಿಕೆಯಿಂದ ಎತ್ತಿ ಬೆಂಕಿಗೆ ಹಾಕಿದರು. ಒಣಗಿದ ಬೀಜ ಬೆಂಕಿಯಲ್ಲಿ ಸಿಡಿಯುತ್ತದೆ. ಪಟ್. ಪಟ್ ಪಟ್. ತಗಡಿನ ಮೇಲೆ ಮಳೆ ಬಂದಂತೆ.

ಪ್ರಯೋಗದ ಹೊಲದ್ದೂ ಅದೇ ವಾರ ಕಟಾವಾಗಿ, ಗುಂಡಿ ತೋಡಿ, ಫೋಟೋ ತೆಗೆದು, ನಿಯಮದ ಪ್ರಕಾರ ಸುಡಲಾಯಿತು. ಪ್ರಯೋಗ ತೃಪ್ತಿಕರವಾಗಿ ಮುಗಿಯಿತು ಎಂಬ ಸಾಲನ್ನೂ ನಾನೇ ಬರೆದೆ. ಸಾರ್ವಜನಿಕರ ಸಕ್ರಿಯ ನಿಗಾ ಇತ್ತು ಎಂದು ನನಗೆ ಶಾಲು ಹೊದಿಸಿದರು. ಆ ಶಾಲು ಈಗ ಇಸ್ತ್ರಿ ಮೇಜಿನ ಮೇಲೆ ಹಾಸಿದ್ದೇನೆ. ಒಂದು ಕಡೆ ಸುಟ್ಟಿದೆ.

ಖಾಜಾಸಾಬನನ್ನು ಮುಂದಿನ ಮಳೆಗಾಲದಲ್ಲಿ ಕಲಬುರಗಿಯ ಮೋಮಿನಪುರದಲ್ಲಿ ಕಂಡೆ. ಒಂದು ಹೋಟೆಲಿನ ಮುಂದೆ ತಂದೂರಿನ ಒಲೆಗೆ ಕಟ್ಟಿಗೆ ಒಡೆಯುತ್ತಿದ್ದ. ನನ್ನನ್ನು ಕಂಡು ಸಲಾಮ್ ಮಾಡಿದ, ಮಾಡದಿದ್ದರೆ ಚೆನ್ನಾಗಿತ್ತು.

"ಮಾದೇವಿ ಹ್ಯಾಂಗಿದ್ದಾಳ?"

"ಇದ್ದಾಳ್ರಿ. ಮಿರಗದ ಮಳಿಗಿ ಮುಂಚೆ ಊರೂರು ತಿರಗಿದ್ಳು. ತಾ ಬೀಜ ಕೊಟ್ಟವ್ರ ಮನಿ ಮನಿಗಿ. 'ನನ್ನ ತೊಗರಿ ಒಂದ್ ಬೊಗಸಿ ಇದ್ರ ತಿರಗಿ ಕೊಡ್ರಿ, ಮತ್ತ ಬೆಳಸ್ತೀನಿ' ಅಂತ. ಯಾರಾದ್ರೂ ಕೊಡ್ತಾರೇನ್ರಿ? ಆಕಿ ಬೀಜ ನಮ್ಮನ್ಯಾಗ ಅದ ಅಂದ್ರ ಜೀಪ್ ಬರ್ತದ, ನಮ್ಮ ಹೊಲಾನೂ ಸುಡ್ತಾರ ಅಂತ ಡರ್. ಎಲ್ಲಾರೂ ಒಂದೇ ಮಾತ್ರಿ: 'ನಿನ್ನ ಬೀಜ ನಾವ್ ತಗೊಂಡೇ ಇಲ್ಲ.'" ಕೊಡಲಿ ಎತ್ತಿ ಒಂದು ಏಟು ಹಾಕಿ, ನನ್ನ ಮುಖ ನೋಡದೆ ಸೇರಿಸಿದ: "ದೊಡ್ಡೋರಿಂದ ಕಲ್ತಾರ್ರಿ."

ಆಮೇಲೆ ಅವಳನ್ನು ನೋಡಿದ್ದು ಒಂದೇ ಸಲ. ಹೋದ ವರ್ಷ, ಇಂಥದೇ ಚಳಿಗಾಲ, ಕಮಲಾಪುರದ ವಾರದ ಸಂತೆ. ಪರಿಚಯದವರೊಬ್ಬರ ಮನೆಗೆ ಹೋದವಳು ಬಸ್ಸು ತಡವಾಯಿತೆಂದು ಸಂತೆಯೊಳಗೆ ನಡೆದೆ. ಗೋಣಿ ಹಾಸಿ, ಹಸಿ ತೊಗರಿಯ ಗುಡ್ಡೆ ಹಾಕಿಕೊಂಡು ಕುಳಿತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿಯಲಾರಳು ಎಂದುಕೊಂಡು, ಹಿಡಿಯಲೆಂದೂ ಅಂದುಕೊಂಡು, ಮುಂದೆ ಕುಕ್ಕರಗಾಲಲ್ಲಿ ಕುಳಿತೆ.

"ನಿಮ್ಮ ಹೊಲದ್ದೇನು?" ಎಂದು ಕೇಳಿದೆ.

"ಪ್ಯಾಕೇಟ್ ಬೀಜದ್ದು," ಎಂದಳು. ತಲೆ ಎತ್ತಲಿಲ್ಲ. ಗುಡ್ಡೆಯಿಂದ ಒಂದು ಕಾಯಿ ತೆಗೆದು ಎರಡು ಹೆಬ್ಬೆರಳ ನಡುವೆ ಒತ್ತಿದಳು. ಪಟ್. ಒಳಗೆ ನಾಲ್ಕು ಕಾಳು, ಒಂದರ ಮೇಲೆ ಸಣ್ಣ ಹಸಿರು ಹುಳ. ಉಗುರಿನಿಂದ ಹುಳವನ್ನು ತೆಗೆದು ಪಕ್ಕಕ್ಕೆ ಒಗೆದು, ಕಾಯಿಯನ್ನು ನನ್ನ ಕಡೆ ಚಾಚಿದಳು.

"ತಿಂದ್ ನೋಡ್ರಿ, ಮೇಡಂ," ಎಂದಳು. "ಆಮ್ಯಾಗ ತಿಂದಿಲ್ಲ ಅಂದ್ರೂ ನಡೀತದ."

ನಾಲ್ಕೂ ಕಾಳು ಬಾಯಿಗೆ ಹಾಕಿಕೊಂಡು, ಅವಳಿಗೆ ಕಾಣುವಂತೆ ನಿಧಾನವಾಗಿ ಅಗಿದೆ. ಅವಳು ಆಗಲೇ ಇನ್ನೊಬ್ಬಳಿಗೆ ಕಾಯಿ ತೂಗುತ್ತಿದ್ದಳು.